ಪಹಣಿಯಲ್ಲಿ ಉಳಿದ ಆಣೆ

"ಚಾರ್ ಆನೆ ಕೀ ಮುರ್ಗಿ, ಬಾರಾ ಆನೆ ಕಾ ಮಸಾಲಾ" ಎಂಬ ಮಾತನ್ನು ನಮ್ಮ ಕಾಲೇಜಿನಲ್ಲಿ ಉರ್ದು ಮನೆಮಾತಿನ ಯಾರನ್ನು ಕೇಳಿದರೂ ಗೊತ್ತು ಎನ್ನುತ್ತಾರೆ. ಕೋಳಿಗೆ ನಾಲ್ಕಾಣೆ, ಅದಕ್ಕೆ ಹಾಕುವ ಮಸಾಲೆಗೆ ಹನ್ನೆರಡಾಣೆ. ಸಣ್ಣ ಕೆಲಸಕ್ಕೆ ದೊಡ್ಡ ಖರ್ಚು ಮಾಡುವವರನ್ನು ಕಂಡಾಗ ಮನೆಯ ಹಿರಿಯರು ಹೀಗೆ ಹೇಳುತ್ತಾರೆ. ಕನ್ನಡ ಮನೆಮಾತಿನ ಗೆಳತಿಯರು "ಹದಿನಾರಾಣೆ ಸತ್ಯ" ಎನ್ನುತ್ತಾರೆ. ಎಂದರೆ ಸ್ವಲ್ಪವೂ ಕಡಿಮೆ ಇಲ್ಲದ, ಪೂರ್ತಿ ಸತ್ಯ. ಆದರೆ ನಮ್ಮಲ್ಲಿ ಯಾರೂ ಆಣೆಯಲ್ಲಿ ಏನನ್ನೂ ಕೊಂಡವರಲ್ಲ. ನಾಣ್ಯ ಹೋದ ಮೇಲೂ ಅದರ ಲೆಕ್ಕ ಎರಡೂ ಭಾಷೆಗಳಲ್ಲಿ ಉಳಿದಿದೆ.

ಗಾದೆಯನ್ನು ಇನ್ನೊಮ್ಮೆ ನೋಡಿ. ನಾಲ್ಕು ಮತ್ತು ಹನ್ನೆರಡು ಕೂಡಿದರೆ ಹದಿನಾರು, ಅಂದರೆ ಸರಿಯಾಗಿ ಒಂದು ರೂಪಾಯಿ. ರೂಪಾಯಿಯಲ್ಲಿ ಕಾಲು ಭಾಗ ಕೋಳಿಗೆ, ಮುಕ್ಕಾಲು ಭಾಗ ಮಸಾಲೆಗೆ. ಗಾದೆ ಮಾಡಿದವರಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು.

ನಾನು ಕಾಮರ್ಸ್ ಓದುವವಳು. ನಮ್ಮ ಕಾಂಬಿನೇಷನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಕೂಡ ಇದೆ. ಅದರಲ್ಲಿ ಸಂಖ್ಯಾ ಪದ್ಧತಿಗಳು ಎಂಬ ಪಾಠ ಬರುತ್ತದೆ: ಬೈನರಿ, ಆಕ್ಟಲ್, ಹೆಕ್ಸಾಡೆಸಿಮಲ್. ಹೆಕ್ಸಾಡೆಸಿಮಲ್ ಎಂದರೆ ಹದಿನಾರನ್ನು ಆಧಾರವಾಗಿ ಇಟ್ಟುಕೊಂಡು ಬರೆಯುವ ಪದ್ಧತಿ. ತರಗತಿಯಲ್ಲಿ ಹಲವರಿಗೆ ಇದು ಬೇರೆ ದೇಶದಿಂದ ಬಂದ ವಿಚಿತ್ರ ವಸ್ತುವಿನಂತೆ ಕಂಡಿತು. ನನಗೆ ಮಾತ್ರ ಇದು ನಮ್ಮ ದಾದಿ, ಅಂದರೆ ಅಬ್ಬಾನ ತಾಯಿ, ದಿನವೂ ಆಡುವ ಭಾಷೆಯಂತೆ ಕೇಳಿಸಿತು. ಈ ಲೇಖನ ಅದರ ಬಗ್ಗೆ.

ಮೊದಲು ಆಧಾರ ಸಂಖ್ಯೆ ಎಂದರೇನು ಎಂದು ನೋಡೋಣ. ನಾವು 375 ಎಂದು ಬರೆದಾಗ ಮೂರು ನೂರು, ಏಳು ಹತ್ತು, ಐದು ಬಿಡಿ ಎಂದು ಅರ್ಥ. ಒಂದು ಸ್ಥಾನ ಎಡಕ್ಕೆ ಹೋದರೆ ಬೆಲೆ ಹತ್ತು ಪಟ್ಟು ಹೆಚ್ಚುತ್ತದೆ. ಇಲ್ಲಿ ಆಧಾರ ಹತ್ತು. ಈಗ 375 ಆಣೆ ಇದೆ ಎಂದುಕೊಳ್ಳಿ. ಹದಿನಾರು ಆಣೆಗೆ ಒಂದು ರೂಪಾಯಿಯಾದ್ದರಿಂದ ಅದು 23 ರೂಪಾಯಿ 7 ಆಣೆ. ಆ 23 ರೂಪಾಯಿಯನ್ನೂ ಹದಿನಾರರ ಕಟ್ಟು ಮಾಡಿದರೆ ಒಂದು ಕಟ್ಟು, ಮೇಲೆ 7 ರೂಪಾಯಿ. ಹೀಗಾಗಿ ಹದಿನಾರರ ಪದ್ಧತಿಯಲ್ಲಿ ಅದೇ ಸಂಖ್ಯೆಯನ್ನು 177 ಎಂದು ಬರೆಯಬೇಕು. ಹಣ ಅಷ್ಟೇ, ಬರಹ ಬೇರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬರಹ ಬದಲಾದಾಗ ಸಂಖ್ಯೆಯ ಯಾವ ಗುಣ ಉಳಿಯುತ್ತದೆ, ಯಾವ ಗುಣ ಹೋಗುತ್ತದೆ? 375 ಕಾಫಿ ಗಿಡಗಳನ್ನು ಮೂರು ಸಾಲಿನಲ್ಲಿ ನೆಟ್ಟರೆ ಸಾಲಿಗೆ 125 ಬರುತ್ತದೆ, ಒಂದೂ ಉಳಿಯುವುದಿಲ್ಲ. ಇದು ಗಿಡಗಳ ಗುಣ, ಹೇಗೆ ಬರೆದರೂ ಬದಲಾಗುವುದಿಲ್ಲ. ಆದರೆ "ಕೊನೆಯಲ್ಲಿ ಐದು ಇದೆ, ಆದ್ದರಿಂದ ಐದರಿಂದ ಭಾಗವಾಗುತ್ತದೆ" ಎಂಬ ಪ್ರೈಮರಿ ಶಾಲೆಯ ಸೂತ್ರ ಹತ್ತರ ಪದ್ಧತಿಗೆ ಮಾತ್ರ ಸೇರಿದ್ದು. ಹದಿನಾರರ ಪದ್ಧತಿಯಲ್ಲಿ ಅದೇ ಸಂಖ್ಯೆಯ ಕೊನೆಯಲ್ಲಿ ಏಳು ಇದೆ, ಆದರೂ ಅದು ಐದರಿಂದ ಭಾಗವಾಗುತ್ತದೆ. ಮೊದಲನೆಯದು ಮೈಯ ಗುಣ, ಎರಡನೆಯದು ಬಟ್ಟೆಯ ಗುಣ ಎಂದು ನಾನು ನೆನಪಿಟ್ಟುಕೊಂಡಿದ್ದೇನೆ.

ಇದಕ್ಕೆ ನಮ್ಮ ಕರ್ನಾಟಕದಲ್ಲೇ ಒಂದು ಸುಂದರ ಉದಾಹರಣೆ ಸಿಗುತ್ತದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞ 'ಗಣಿತಸಾರಸಂಗ್ರಹ' ಎಂಬ ಗ್ರಂಥ ಬರೆದನು. ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕೆಲವು ಗುಣಾಕಾರಗಳ ಉತ್ತರ ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಸಮ ಕಾಣುತ್ತದೆ ಎಂದು ಅವನು ತೋರಿಸಿದ್ದಾನೆ. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ! ಆದರೆ ಇದೇ ಸಂಖ್ಯೆಯನ್ನು ಹದಿನಾರರ ಪದ್ಧತಿಯಲ್ಲಿ ಬರೆದರೆ ಮೊದಲ ಅಂಕಿ 2, ಕೊನೆಯ ಅಂಕಿ 1. ಹಾರ ಕಡಿದುಹೋಯಿತು. ಆ ಹಾರ ಹತ್ತರ ಬರಹದ ಅಲಂಕಾರ. ಆದರೆ 441ರಿಂದ ಭಾಗವಾಗುವ ಗುಣ ಎಲ್ಲಿಗೂ ಹೋಗಲಿಲ್ಲ.

ಈಗ ಹದಿನಾರರ ಬರಹಕ್ಕೆ ತನ್ನದೇ ಆದ ಸೂತ್ರ ಏನು ಎಂದು ನೋಡೋಣ. ಹತ್ತರ ಪದ್ಧತಿಯಲ್ಲಿ ಅಂಕಿಗಳನ್ನೆಲ್ಲ ಕೂಡಿಸಿ, ಮೊತ್ತ ಒಂಬತ್ತರಿಂದ ಭಾಗವಾದರೆ ಇಡೀ ಸಂಖ್ಯೆ ಭಾಗವಾಗುತ್ತದೆ ಎಂದು ಓದಿದ್ದೇವೆ. ಯಾಕೆಂದರೆ ಹತ್ತು ಎಂದರೆ ಒಂಬತ್ತಕ್ಕಿಂತ ಒಂದು ಹೆಚ್ಚು. ಹದಿನಾರು ಎಂದರೆ ಹದಿನೈದಕ್ಕಿಂತ ಒಂದು ಹೆಚ್ಚು. ಆದ್ದರಿಂದ ಇಲ್ಲಿ ಒಂಬತ್ತರ ಕೆಲಸವನ್ನು ಹದಿನೈದು ಮಾಡುತ್ತದೆ. ಪ್ರತಿ ರೂಪಾಯಿಯಿಂದ ಹದಿನೈದು ಆಣೆ ತೆಗೆದು ಪಕ್ಕಕ್ಕಿಟ್ಟರೆ ರೂಪಾಯಿಗೆ ಒಂದು ಆಣೆ ಉಳಿಯುತ್ತದೆ. ಅಂದರೆ ರೂಪಾಯಿಗಳ ಎಣಿಕೆಯನ್ನೂ ಆಣೆಗಳ ಎಣಿಕೆಯನ್ನೂ ಸುಮ್ಮನೆ ಕೂಡಿಸಿದರೆ ಸಾಕು. 23 ರೂಪಾಯಿ 7 ಆಣೆ: 23 ಮತ್ತು 7 ಕೂಡಿದರೆ 30. ಮೂವತ್ತು ಮೂರರಿಂದಲೂ ಐದರಿಂದಲೂ ಹದಿನೈದರಿಂದಲೂ ಭಾಗವಾಗುತ್ತದೆ. ಆದ್ದರಿಂದ ಈ ಹಣವನ್ನು ಮೂವರಿಗೆ, ಐವರಿಗೆ ಅಥವಾ ಹದಿನೈದು ಮಂದಿಗೆ ಆಣೆ ಒಡೆಯದೆ ಹಂಚಬಹುದು. ಮೂವರಾದರೆ ತಲಾ 7 ರೂಪಾಯಿ 13 ಆಣೆ. ಕಾಗದ ಬೇಕಿಲ್ಲ, ಪೆನ್ನು ಬೇಕಿಲ್ಲ.

ಆಣೆ ನಾಣ್ಯವಾಗಿ ಹೋಯಿತು ಎಂದೆ. ಆದರೆ ಜಮೀನಿನ ಅಳತೆಯಲ್ಲಿ ಅದು ಇಂದಿಗೂ ಇದೆ. ಸಕಲೇಶಪುರದಲ್ಲಾಗಲಿ ಆಲೂರಿನಲ್ಲಾಗಲಿ ಒಂದು ಪಹಣಿ ತೆಗೆಸಿ ನೋಡಿ. ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆ ಎಂದು ಬರೆದಿರುತ್ತಾರೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರ ಅಡಿ. ಅದರಲ್ಲಿ ಹದಿನಾರರ ಒಂದು ಭಾಗ ಸುಮಾರು 68 ಚದರ ಅಡಿ. ಆರು ಅಡಿಗೆ ಒಂದರಂತೆ ಅರೇಬಿಕಾ ಗಿಡ ನೆಟ್ಟರೆ ಒಂದು ಗಿಡಕ್ಕೆ 36 ಚದರ ಅಡಿ ಬೇಕು. ಒಂದು ಆಣೆ ಜಾಗ ಎಂದರೆ ಹೆಚ್ಚುಕಡಿಮೆ ಎರಡು ಕಾಫಿ ಗಿಡದ ಜಾಗ. ನಮ್ಮ ಬೆಟ್ಟದ ಸೀಮೆಯಲ್ಲಿ ಇದನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಈಗ ಒಂದು ಎಕರೆಯನ್ನು ಮೂವರಿಗೆ ಹಂಚಿ. ನಮ್ಮ ಸೂತ್ರ ಮೊದಲೇ ಉತ್ತರ ಹೇಳುತ್ತದೆ: ಗುಂಟೆ 40, ಆಣೆ 0, ಕೂಡಿದರೆ 40. ಅದನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಹಂಚಿ ನೋಡಿದರೂ ಹಾಗೆಯೇ ಆಗುತ್ತದೆ. ತಲಾ 13 ಗುಂಟೆ 5 ಆಣೆ, ಕೊನೆಗೆ ಒಂದು ಆಣೆ ಉಳಿಯುತ್ತದೆ. ಅದು ಯಾರಿಗೆ? ಬೇಲಿ ಹಾಕುವಾಗ ಅಣ್ಣತಮ್ಮಂದಿರ ಮಾತು ನಿಲ್ಲುವುದು ಇಂಥ ಒಂದು ಆಣೆಗೇ.

ಆದರೆ ಸ್ವಲ್ಪ ಯೋಚಿಸಿ. ನೆಲಕ್ಕೆ ಮೂರು ಭಾಗವಾಗಲು ಯಾವ ಅಡ್ಡಿಯೂ ಇಲ್ಲ. ಹಗ್ಗ ಹಿಡಿದು ಅಳೆದರೆ ಅದು ಸಮನಾಗಿ ಮೂರು ಪಾಲಾಗುತ್ತದೆ. ಉಳಿದ ಆಣೆ ನೆಲದಲ್ಲಿಲ್ಲ, ಬರಹದಲ್ಲಿದೆ. ಒಂದು ಎಕರೆಗೆ 640 ಆಣೆ. 640 ಎಂದರೆ ಏಳು ಸಲ ಎರಡನ್ನು ಗುಣಿಸಿ, ಅದನ್ನು ಐದರಿಂದ ಗುಣಿಸಿದ್ದು. ಅದರೊಳಗೆ ಮೂರು ಇಲ್ಲ. ಮೂರು ಇಲ್ಲದ ಮನೆಗೆ ಮೂರು ಪಾಲುದಾರರು ಬಂದರೆ ಶೇಷ ಉಳಿಯಲೇಬೇಕು.

ಹಳೆಯ ರೂಪಾಯಿಯ ಕಥೆ ಇದಕ್ಕೆ ತಿರುಗುಮುರುಗು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಟ್ಟು 192 ಪೈ. 192 ಎಂದರೆ ಆರು ಸಲ ಎರಡನ್ನು ಗುಣಿಸಿ, ಅದನ್ನು ಮೂರರಿಂದ ಗುಣಿಸಿದ್ದು. ಇದರಲ್ಲಿ ಮೂರು ಇದೆ, ಐದು ಇಲ್ಲ. ಆದ್ದರಿಂದ ರೂಪಾಯಿಯ ಮೂರನೆಯ ಒಂದು ಭಾಗ ಸರಿಯಾಗಿ 5 ಆಣೆ 4 ಪೈ. ಐದನೆಯ ಒಂದು ಭಾಗ ಮಾತ್ರ 3 ಆಣೆ 2 ಪೈ ಆದಮೇಲೂ ಚೂರು ಉಳಿಯುತ್ತದೆ. ಈಗಿನ ರೂಪಾಯಿಗೆ 100 ಪೈಸೆ. ನೂರರಲ್ಲಿ ಐದು ಇದೆ, ಮೂರು ಇಲ್ಲ. ಐದರ ಪಾಲು ಸರಿಯಾಗಿ 20 ಪೈಸೆ, ಮೂರರ ಪಾಲು 33 ಪೈಸೆ, ಕೊನೆಗೆ ಒಂದು ಪೈಸೆ ಉಳಿಕೆ. ಏಳು ಮಂದಿ ಬಂದರೆ ಮೂರು ಪದ್ಧತಿಗಳೂ ಕೈಚೆಲ್ಲುತ್ತವೆ. ಎಲ್ಲ ಪಾಲನ್ನೂ ಚುಕ್ತಾ ಮಾಡುವ ಪದ್ಧತಿ ಇಲ್ಲ. ಯಾವ ಪದ್ಧತಿ ಯಾವ ಪಾಲಿಗೆ ಒಲಿಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಹಿಂದಿನವರು ಹದಿನಾರನ್ನು ಯಾಕೆ ಇಟ್ಟುಕೊಂಡರು? ಒಂದು ಕಾರಣ ನಮ್ಮ ಕೈಯಲ್ಲೇ ಇದೆ. ಹಗ್ಗವನ್ನು ಮಡಿಸಿದರೆ ಅರ್ಧ. ಇನ್ನೊಮ್ಮೆ ಮಡಿಸಿದರೆ ಕಾಲು. ನಾಲ್ಕು ಸಲ ಮಡಿಸಿದರೆ ಹದಿನಾರರ ಒಂದು ಭಾಗ. ತಕ್ಕಡಿಯ ಎರಡು ತಟ್ಟೆಗೆ ಸಮನಾಗಿ ಹಾಕುತ್ತಾ ಹೋದರೂ ಹಾಗೆಯೇ. ಅಳತೆಗೋಲು ಬೇಡ, ಅಕ್ಷರ ಬೇಡ. ಹದಿನಾರರ ಒಂದು ಭಾಗಕ್ಕೆ ಕನ್ನಡದಲ್ಲಿ 'ವೀಸ' ಎಂಬ ಹೆಸರಿದೆ. ಕಾಲು, ಅರೆ, ಮುಕ್ಕಾಲು ಎಂದು ಮಗ್ಗಿಗಳಿದ್ದವು. ನಮ್ಮ ಮನೆಯಲ್ಲಿ ಪಾವ್, ಆಧಾ, ಪೌನಾ, ಸವ್ವಾ, ಡೇಢ್, ಅಢಾಯಿ ಎನ್ನುತ್ತಾರೆ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ನಾಲ್ಕಾಣೆಗೆ ಒಂದು ನಿಂತ ಗೆರೆ, ಒಂದಾಣೆಗೆ ಒಂದು ಮಲಗಿದ ಗೆರೆ ಹಾಕುತ್ತಿದ್ದರು. ಏಳಾಣೆ ಎಂದರೆ ಒಂದು ನಿಂತ ಗೆರೆ, ಮೂರು ಮಲಗಿದ ಗೆರೆ. ಯಾವ ಜಾಗದಲ್ಲೂ ಮೂರಕ್ಕಿಂತ ಹೆಚ್ಚು ಗೆರೆ ಬರುವುದಿಲ್ಲ. ಅಂದರೆ ಅದು ನಾಲ್ಕನ್ನು ಆಧಾರವಾಗಿಟ್ಟುಕೊಂಡ ಬರಹ. ನಾವು ಪಠ್ಯಪುಸ್ತಕದಲ್ಲಿ ಹೊಸದಾಗಿ ಓದುವುದನ್ನು ಸಂತೆಯ ದಲ್ಲಾಳಿ ಗೆರೆಯಲ್ಲಿ ಬರೆದುಕೊಳ್ಳುತ್ತಿದ್ದ.

1957ರ ಏಪ್ರಿಲ್ 1ರಂದು ದೇಶದಲ್ಲಿ ದಶಮಾಂಶ ನಾಣ್ಯ ಬಂತು. ರೂಪಾಯಿಗೆ 100 ನಯಾ ಪೈಸೆ ಎಂದಾಯಿತು. ಆಗ ಹಾಸನ ಜಿಲ್ಲೆ ಮೈಸೂರು ರಾಜ್ಯದಲ್ಲಿತ್ತು. ಒಂದಾಣೆಗೆ ಲೆಕ್ಕದಂತೆ ಆರೂಕಾಲು ನಯಾ ಪೈಸೆ ಬರಬೇಕು, ಆದರೆ ಕಾಲು ನಯಾ ಪೈಸೆಯ ನಾಣ್ಯ ಇರಲಿಲ್ಲ. ಆದ್ದರಿಂದ ಕಾನೂನಿನಲ್ಲೇ ಒಂದು ನಿಯಮ ಮಾಡಿದರು. ಅರ್ಧ ನಯಾ ಪೈಸೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬಿಡಬೇಕು, ಅರ್ಧಕ್ಕಿಂತ ಹೆಚ್ಚಿದ್ದರೆ ಒಂದು ಎಂದು ಹಿಡಿಯಬೇಕು. ಹೀಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾ ಪೈಸೆ. ಮೂರಾಣೆಯವನಿಗೆ ಕಾಲು ಪೈಸೆ ಲಾಭ, ಎರಡಾಣೆಯವನಿಗೆ ಅರ್ಧ ಪೈಸೆ ನಷ್ಟ.

ಅರ್ಧ ಪೈಸೆ ಎಂದರೆ ಏನು ಮಹಾ ಎನ್ನಬಹುದು. ಒಂದು ಉದಾಹರಣೆ ತೆಗೆದುಕೊಳ್ಳಿ. ಕಾಫಿ ತೋಟದಲ್ಲಿ ಒಬ್ಬ ಹೆಣ್ಣಾಳಿಗೆ ದಿನಕ್ಕೆ ಹದಿನಾಲ್ಕಾಣೆ ಕೂಲಿ ಎಂದಿಟ್ಟುಕೊಳ್ಳಿ. ಲೆಕ್ಕದಂತೆ ಎಂಬತ್ತೇಳೂವರೆ ನಯಾ ಪೈಸೆ, ನಿಯಮದಂತೆ 87. ದಿನದಿನವೂ ಬಟವಾಡೆ ಮಾಡಿದರೆ ಆರು ದಿನಕ್ಕೆ 5 ರೂಪಾಯಿ 22 ನಯಾ ಪೈಸೆ. ವಾರಕ್ಕೊಮ್ಮೆ ಲೆಕ್ಕ ಮಾಡಿದರೆ 84 ಆಣೆ, ಅಂದರೆ 5 ರೂಪಾಯಿ 4 ಆಣೆ, ಸರಿಯಾಗಿ 5 ರೂಪಾಯಿ 25. ಕೆಲಸ ಅದೇ, ಕೂಲಿ ಅದೇ, ನಿಯಮವೂ ಅದೇ. ಆದರೂ ಮೂರು ಪೈಸೆ ಕಡಿಮೆ. ಚಿಲ್ಲರೆಯಲ್ಲಿ ಬದುಕುವವರಿಗೆ ನಷ್ಟ, ರೂಪಾಯಿಯಲ್ಲಿ ಬದುಕುವವರಿಗೆ ಏನೂ ಇಲ್ಲ. ಇದರಲ್ಲಿ ಯಾರ ಮೋಸವೂ ಇಲ್ಲ. ಎಷ್ಟು ಸಲ ಚೂರು ಬಿಡುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಇದೇ ಅರ್ಧ ನಮ್ಮ ಮನೆಗೂ ಬಂತು. ಆಲೂರು ಕಡೆ ನಮ್ಮದು ಎರಡು ಎಕರೆ ಕಾಫಿ ತೋಟವಿದೆ. ದಾದಾ ತೀರಿಕೊಂಡ ಮೇಲೆ ಮನೆಯವರೆಲ್ಲ ಒಪ್ಪಿ ಷರೀಅತ್‌ನಂತೆ ಪಾಲು ಮಾಡಲು ಕುಳಿತರು. ನಮ್ಮ ಧರ್ಮದ ಹಂಚಿಕೆಯಲ್ಲಿ ಪಾಲುಗಳು ಅರ್ಧ, ಕಾಲು, ಎಂಟರ ಒಂದು, ಮೂರರ ಎರಡು, ಮೂರರ ಒಂದು, ಆರರ ಒಂದು ಎಂದು ಬರುತ್ತವೆ. ಇವೆಲ್ಲಕ್ಕೂ 24 ಎಂಬ ಒಂದೇ ಛೇದ ಸಾಕು. ಹಳೆಯ ರೂಪಾಯಿಯ 192 ಪೈ ಎಂದರೆ 24ರ ಎಂಟು ಪಟ್ಟು. ಆದ್ದರಿಂದ ಆಣೆ ಪೈಯಲ್ಲಿ ಬರೆದರೆ ಈ ಪಾಲುಗಳಲ್ಲಿ ಒಂದಕ್ಕೂ ಚೂರು ಉಳಿಯುವುದಿಲ್ಲ. ಎಂಟರ ಒಂದು ಎಂದರೆ 2 ಆಣೆ, ಆರರ ಒಂದು ಎಂದರೆ 2 ಆಣೆ 8 ಪೈ.

ನಮ್ಮಲ್ಲಿ ವಾರಸುದಾರರು ದಾದಿ, ಇಬ್ಬರು ಗಂಡುಮಕ್ಕಳು (ಅಬ್ಬಾ ಮತ್ತು ಚಾಚಾ), ಮೂವರು ಹೆಣ್ಣುಮಕ್ಕಳು (ನನ್ನ ಫುಫಿಯರು). ಮಕ್ಕಳಿರುವಾಗ ಹೆಂಡತಿಗೆ ಎಂಟರ ಒಂದು ಭಾಗ. ಉಳಿದ ಏಳು ಭಾಗದಲ್ಲಿ ಗಂಡುಮಗನಿಗೆ ಎರಡು, ಹೆಣ್ಣುಮಗಳಿಗೆ ಒಂದು. ಎರಡು ಗಂಡಿಗೆ ನಾಲ್ಕು, ಮೂರು ಹೆಣ್ಣಿಗೆ ಮೂರು, ಒಟ್ಟು ಏಳು. ಎಷ್ಟು ಸರಿಯಾಗಿ ಕೂತಿದೆ ನೋಡಿ! ದಾದಿಗೂ ಫುಫಿಯರಿಗೂ ರೂಪಾಯಿಗೆ ಎರಡಾಣೆ, ಅಬ್ಬಾಗೂ ಚಾಚಾಗೂ ನಾಲ್ಕಾಣೆ.

ಕರಡು ಬರೆದುಕೊಟ್ಟವರು ಅದನ್ನು ಶೇಕಡಾ ಲೆಕ್ಕಕ್ಕೆ ತಂದರು. ಎರಡಾಣೆ ಎಂದರೆ ಶೇಕಡಾ ಹನ್ನೆರಡೂವರೆ. ಪಾಯಿಂಟ್ ಬೇಡವೆಂದು 12 ಎಂದು ಬರೆದರು. ನಾಲ್ವರು ಹೆಂಗಸರಿಗೆ 48 ಆಯಿತು. ಉಳಿದ 52ನ್ನು ಇಬ್ಬರು ಗಂಡಸರಿಗೆ 26ರಂತೆ ಹಾಕಿದರು. ಕೂಡಿದರೆ ನೂರು, ಕಾಗದದ ಮೇಲೆ ಎಲ್ಲ ಸರಿ. ಆದರೆ ಎರಡು ಎಕರೆಯಲ್ಲಿ ಶೇಕಡಾ ಅರ್ಧ ಎಂದರೆ 435 ಚದರ ಅಡಿಗೂ ಸ್ವಲ್ಪ ಹೆಚ್ಚು. ಒಬ್ಬೊಬ್ಬ ಹೆಂಗಸಿಗೂ ಹನ್ನೆರಡು ಕಾಫಿ ಗಿಡದ ಜಾಗ ಹೋಯಿತು. ನಾಲ್ವರಿಗೆ ಸೇರಿ ನಲವತ್ತೆಂಟು ಗಿಡ.

ಅದನ್ನು ಹಿಡಿದದ್ದು ದಾದಿ. ಅವರು ಶಾಲೆಗೆ ಹೋದವರಲ್ಲ. ಅಬ್ಬಾ ಕರಡನ್ನು ಓದಿ ಹೇಳುತ್ತಿದ್ದಾಗ "ದೋ ಆನೆ ಬೋಲೇ ತೋ ಬಾರಾ ಕಾಯಿಕು?" ಎಂದರು, ಎರಡಾಣೆ ಎಂದ ಮೇಲೆ ಹನ್ನೆರಡು ಯಾಕೆ ಎಂದು. ಅವರು ಹುಡುಗಿಯಾಗಿದ್ದಾಗ ಅಂಗಡಿಗೆ ಎರಡಾಣೆ ಹಿಡಿದು ಹೋದರೆ ಹನ್ನೆರಡು ನಯಾ ಪೈಸೆ ಎಂದು ಎಣಿಸಿಕೊಳ್ಳಲು ಶುರುಮಾಡಿದ್ದು ಅವರಿಗೆ ನೆನಪಿತ್ತು. "ಉಸ್ ವಖತ್ ಭೀ ಐಸಾಚ್ ಕಿಯೇ ಥೇ" ಎಂದು ನಕ್ಕರು. ಆಗಲೂ ಹೀಗೇ ಮಾಡಿದ್ದರಂತೆ.

ಅಬ್ಬಾ ಮತ್ತು ಚಾಚಾ ಒಂದು ಮಾತೂ ಎದುರು ಹೇಳಲಿಲ್ಲ. ಶೇಕಡಾ ಲೆಕ್ಕವನ್ನು ಪೂರ್ತಿ ಬಿಟ್ಟು ಗುಂಟೆಯಲ್ಲೇ ಬರೆಸಿದರು. ಎರಡು ಎಕರೆ ಎಂದರೆ 80 ಗುಂಟೆ. ನಾಲ್ವರಿಗೆ ಹತ್ತು ಹತ್ತು, ಇಬ್ಬರಿಗೆ ಇಪ್ಪತ್ತು ಇಪ್ಪತ್ತು. ಚೂರೂ ಉಳಿಯಲಿಲ್ಲ. ಹಾಸನದಲ್ಲಿರುವ ಚಿಕ್ಕ ಫುಫಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಮೊದಲು ಕೇಳಿದ್ದು, "ಆ ಹನ್ನೆರಡು ಗಿಡ ಎತ್ತ ಕಡೆಯವು?" ಎಂದು.

ಕಾಮರ್ಸ್ ಓದುವ ನಾವು ದ್ವಿತೀಯ ಪಿಯುಸಿಯಲ್ಲಿ ಪಾಲುದಾರಿಕೆಯ ಲೆಕ್ಕ ಮಾಡುತ್ತೇವೆ. ಲಾಭ ಹಂಚಿಕೆಯ ಅನುಪಾತ, ಹೊಸ ಪಾಲುದಾರನ ಪ್ರವೇಶ, ನಿವೃತ್ತಿ. ಉತ್ತರ ಪತ್ರಿಕೆಯಲ್ಲಿ ಎರಡು ಬದಿ ತಾಳೆಯಾದರೆ ಅಂಕ ಸಿಗುತ್ತದೆ. ಆದರೆ ನಮ್ಮ ಕರಡಿನಲ್ಲೂ ಮೊತ್ತ ತಾಳೆಯಾಗಿತ್ತು! ತಾಳೆಯಾಗುವುದು ಬೇರೆ, ಪಾಲು ಸರಿಯಾಗಿರುವುದು ಬೇರೆ. ಈ ಲೆಕ್ಕದಿಂದ ನಾನು ಮೂರು ವಿಷಯ ಬರೆದಿಟ್ಟುಕೊಂಡಿದ್ದೇನೆ. ಪಾಲನ್ನು ಕೊನೆಯವರೆಗೆ ಭಿನ್ನರಾಶಿಯಲ್ಲೇ ಇಡಬೇಕು, ಎಂಟರ ಒಂದು ಎಂದರೆ ಎಂಟರ ಒಂದೇ. ಚೂರು ಬಿಡುವುದಾದರೆ ಒಂದೇ ಸಲ, ಕೊನೆಯಲ್ಲಿ ಬಿಡಬೇಕು. ಬಿಟ್ಟ ಚೂರು ಯಾರ ಕಡೆಗೆ ಹೋಯಿತು ಎಂದು ಎಲ್ಲರ ಮುಂದೆ ಕೇಳಬೇಕು. ಹೆಚ್ಚಿನ ಸಲ ಅದು ಕೇಳದವರ ಕೈಯಿಂದ ಹೋಗಿರುತ್ತದೆ.

ಸ್ನೇಹಿತರೇ, ಮನೆಗೆ ಹೋದಾಗ ನಿಮ್ಮ ಪಹಣಿ ತೆಗೆದು ನೋಡಿ. ಎಕರೆಯನ್ನು ಗುಂಟೆ ಮಾಡಿ, ಅದಕ್ಕೆ ಆಣೆಯನ್ನು ಕೂಡಿಸಿ, ಮೊತ್ತ ಮೂರರಿಂದ ಅಥವಾ ಐದರಿಂದ ಭಾಗವಾಗುತ್ತದೆಯೇ ಎಂದು ಪರೀಕ್ಷಿಸಿ. ಪಹಣಿ ಕೈಗೆ ಸಿಗದವರಿಗೆ ಇಲ್ಲೇ ಒಂದು ಲೆಕ್ಕ ಕೊಡುತ್ತೇನೆ: 3 ಎಕರೆ 5 ಗುಂಟೆ 10 ಆಣೆ ಜಮೀನನ್ನು ಮೂವರಿಗೆ ಆಣೆ ಒಡೆಯದೆ ಹಂಚಬಹುದೇ? ಐವರಿಗೆ? ಕ್ಯಾಲ್ಕುಲೇಟರ್ ಮುಟ್ಟದೆ ಹೇಳಬೇಕು. ಉತ್ತರ ಬಂದವರು ಮನೆಯ ಹಿರಿಯರಿಗೆ ಒಮ್ಮೆ ಅದೇ ಪ್ರಶ್ನೆ ಕೇಳಿ, ಯಾರು ಬೇಗ ಹೇಳುತ್ತಾರೆ ನೋಡಿ.